ಚೆಕ್‌ಇನ್ ಕೌಂಟರಿನಲ್ಲಿ ತಡೆದರೆ ಏನು ಮಾಡಬೇಕು?

ದುಬೈಯಲ್ಲಿರುವ ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಹೊರಟ, ಹೊನ್ನಾವರ ತಾಲೂಕಿನ ಕರ್ಕಿಯ ತಂದೆ-ತಾಯಿ ಹೆದ್ದಾರಿ 66 ಹಿಡಿದು ಮಂಗಳೂರಿಗೋ ಗೋವಾಕ್ಕೋ ಮುಟ್ಟುವಷ್ಟರಲ್ಲಿ ನಾಲ್ಕೈದು ತಾಸು ಕಳೆದಿರುತ್ತದೆ. ಅಲ್ಲಿ ಕೌಂಟರಿನ ಸಿಬ್ಬಂದಿ ಪಾಸ್‌ಪೋರ್ಟ್ ತಿರುವಿ ನೋಡಿ ‘ದಾಖಲೆ ಸರಿಯಿಲ್ಲ, ಬೋರ್ಡಿಂಗ್ ಪಾಸ್ ಕೊಡಲಾಗದು’ ಎಂದರೆ? ಜಗಳ ಕಾಯುವ ಮೊದಲು ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿರಬೇಕು.

ತಡೆಯುವ ಅಧಿಕಾರ ಎಲ್ಲಿಂದ ಬಂತು?

ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಗೊಳಿಸಿತು. ಆದರೆ ಇನ್ನೊಂದು ದೇಶದೊಳಗೆ ಕಾಲಿಡಲು ಬಿಡುವುದು ಬಿಡದಿರುವುದು ಆ ದೇಶಕ್ಕೆ ಸೇರಿದ ವಿಚಾರ. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ವಿಮಾನ ಸಂಸ್ಥೆಯೇ ಅವರನ್ನು ವಾಪಸು ತರಬೇಕು, ಎಷ್ಟೋ ದೇಶಗಳಲ್ಲಿ ದಂಡವನ್ನೂ ಕಟ್ಟಬೇಕು. ನಮ್ಮಲ್ಲೂ 2000ದ ಕಾಯ್ದೆಯೊಂದು ಇಂಥ ಒಬ್ಬೊಬ್ಬ ಪ್ರಯಾಣಿಕನಿಗೆ ಒಂದು ಲಕ್ಷ ರೂಪಾಯಿ ದಂಡ ಇಟ್ಟಿತ್ತು. ಈಗ ಆ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಇದೆ. ಹಾಗಾಗಿ ಸಿಬ್ಬಂದಿ ಐಯಾಟಾ ಸಂಸ್ಥೆಯ ‘ಟೈಮ್ಯಾಟಿಕ್’ ಎಂಬ ದತ್ತಾಂಶದಲ್ಲಿ ಪ್ರತಿ ದೇಶದ ನಿಯಮ ನೋಡುತ್ತಾರೆ.

ಒಂದೇ ಹೆಸರಿನ ತೊಡಕು

ನಮ್ಮಲ್ಲಿ ಅಡ್ಡಹೆಸರಿಲ್ಲದ ಪಾಸ್‌ಪೋರ್ಟುಗಳು ಬೇಕಾದಷ್ಟಿವೆ. ‘ಸರ್‌ನೇಮ್’ ಸಾಲು ಖಾಲಿ. ‘ಗಿವನ್ ನೇಮ್’ ಎದುರು ‘ಗಣಪತಿ’ ಎಂದಷ್ಟೇ. 2022ರ ನವೆಂಬರ್ 21ರಿಂದ ಇಂಥ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ಮತ್ತು ಟೂರಿಸ್ಟ್ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ ಹೇಳಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು. ಮೂಲ ನಿಯಮ ಗೊತ್ತಿದ್ದು ಸ್ಪಷ್ಟನೆ ಗೊತ್ತಿಲ್ಲದ ಸಿಬ್ಬಂದಿ ಎದುರಾದರೆ ಜಗಳ ಖಂಡಿತ. 2024ರ ಮೇ ತಿಂಗಳಲ್ಲಿ ದುಬೈಗೆ ಹೊರಟವರಿಂದ ವಾಪಸು ಟಿಕೆಟ್, ತಂಗುವ ವಿಳಾಸ, 3,000 ದಿರ್ಹಮ್ ಹಣದ ಪುರಾವೆ ಕೇಳಿ ಹಲವರನ್ನು ತಡೆದ ಸುದ್ದಿಯೂ ಬಂದಿತ್ತು.

ತಪ್ಪು ಯಾರದು?

ಪರಿಹಾರವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ. ದಾಖಲೆ ನಿಜವಾಗಿಯೂ ಕಡಿಮೆಯಿದ್ದರೆ ಪರಿಹಾರ ಸಿಗದು. ಆಗಲೂ, ಭಾರತೀಯ ವಿಮಾನ ಸಂಸ್ಥೆಯಾದರೆ, ಬಳಸದ ಟಿಕೆಟಿನ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ಹಿಂದಿರುಗಿಸಬೇಕು. ದಾಖಲೆ ಸರಿಯಿದ್ದೂ ತಡೆದಿದ್ದರೆ ಅದು ಸೇವಾ ನ್ಯೂನತೆ. ಡಿಜಿಸಿಎ ಹೇಳುವ ಗರಿಷ್ಠ 10,000 ಮತ್ತು 20,000 ರೂಪಾಯಿಗಳ ಪರಿಹಾರ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದಾಗಿನದು. ದಾಖಲೆ ವಿವಾದದಲ್ಲಿ ಅದು ತಾನಾಗಿ ಕೈಸೇರುವುದಿಲ್ಲ, ಗ್ರಾಹಕ ಆಯೋಗದಲ್ಲಿ ಕೇಳಿ ಪಡೆಯಬೇಕು.

ಕೌಂಟರಿನಲ್ಲಿ ನಿಂತಾಗ

1. ಯಾವ ದಾಖಲೆ, ಯಾವ ನಿಯಮ ಎಂದು ಕೇಳಿ. ಟೈಮ್ಯಾಟಿಕ್ ನೋಡಿ ಹೇಳಲು ವಿನಂತಿಸಿ.
2. ಮೇಲ್ವಿಚಾರಕರನ್ನು ಅಥವಾ ಡ್ಯೂಟಿ ಮ್ಯಾನೇಜರನ್ನು ಕರೆಸಿ. ಕೌಂಟರ್ ಮುಚ್ಚುವ ಹೊತ್ತಿನ ಮೇಲೆ ಕಣ್ಣಿರಲಿ.
3. ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಅಲ್ಲೇ ಕುಳಿತು ಸಂಸ್ಥೆಗೆ ಇ-ಮೇಲ್ ಮಾಡಿ; ಸಮಯ, ಕೌಂಟರ್ ಸಂಖ್ಯೆ, ಹೇಳಿದ ಮಾತು ಅದರಲ್ಲಿರಲಿ.
4. ಟಿಕೆಟ್, ವೀಸಾ, ಹೊಸ ಟಿಕೆಟಿನ ಖರ್ಚು, ಲಾಡ್ಜ್ ಬಿಲ್ಲು ಜೋಪಾನ ಮಾಡಿ.

ತಡೆದವರು ವಿಮಾನ ಸಂಸ್ಥೆಯವರೋ ಇಮಿಗ್ರೇಶನ್ ಅಧಿಕಾರಿಯೋ ಎಂಬುದನ್ನು ಗುರುತಿಸಿಕೊಳ್ಳಿ. ಎರಡನೆಯವರು ಸರಕಾರದ ಕಡೆಯವರು. ಅವರ ಆದೇಶಕ್ಕೆ ವಿಮಾನ ಸಂಸ್ಥೆ ಹೊಣೆಯಲ್ಲ. ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂದಿರುವ ಪಾಸ್‌ಪೋರ್ಟಿನವರಿಗೆ ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯ್ದೆಯಡಿ ಅನುಮತಿ ಬೇಕು. ದುಡಿಮೆಗೆ ಹೊರಟು ವಿಸಿಟ್ ವೀಸಾ ತೋರಿಸಿದರೆ ಅಲ್ಲಿ ಸಿಕ್ಕಿಬೀಳುತ್ತೀರಿ.

ದೂರು ಎಲ್ಲಿ?

ಮೊದಲು ಸಂಸ್ಥೆಯ ನೋಡಲ್ ಅಧಿಕಾರಿಗೆ, ಆಮೇಲೆ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಪೋರ್ಟಲಿಗೆ. ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕರ್ಕಿಯವರು ಮುಂಬೈಗೋ ದೆಹಲಿಗೋ ಅಲೆಯಬೇಕಿಲ್ಲ. ಕಾರವಾರದ ಜಿಲ್ಲಾ ಆಯೋಗ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು, ‘ಇ-ಜಾಗೃತಿ’ಯಲ್ಲಿ ಆನ್‌ಲೈನಾಗಿಯೂ ಸಲ್ಲಿಸಬಹುದು. ಗಡುವು ಎರಡು ವರ್ಷ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಹೊನ್ನಾವರದ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ ಅಥವಾ 15100ಕ್ಕೆ ಕರೆ ಮಾಡಿ.

ವಿದೇಶದಿಂದ ಊರಿಗೆ ಬರುವವರಿಗೆ

ಹೊಸ ಪಾಸ್‌ಪೋರ್ಟಿನ ಜತೆ ಹಳೆಯದನ್ನು ತಂದಿಲ್ಲವೆಂದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡುದಾರರನ್ನು ವಿದೇಶದ ಕೌಂಟರುಗಳಲ್ಲಿ ತಡೆದದ್ದುಂಟು. 2021ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಆ ಷರತ್ತು ತೆಗೆದಿದೆ. ಆ ಆದೇಶದ ಪ್ರತಿ ಮೊಬೈಲಿನಲ್ಲಿರಲಿ. ಇ-ವೀಸಾದಲ್ಲಿ ಬರುವವರು ಸರಕಾರಿ ಜಾಲತಾಣದಲ್ಲಿ ‘ಗ್ರಾಂಟೆಡ್’ ಎಂದಿರುವುದನ್ನು ನೋಡಿಯೇ ಹೊರಡಲಿ.

ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು ‘ಏನೂ ತೊಂದ್ರೆ ಇಲ್ಲ’ ಎಂದರೆ ಅದೇ ಮಾತನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ, ರಸೀದಿಯನ್ನೂ ಪಡೆಯಿರಿ. ತಪ್ಪು ಸಲಹೆ ಕೊಟ್ಟ ಏಜೆಂಟರೂ ಅದೇ ಆಯೋಗದ ಮುಂದೆ ಪ್ರತಿವಾದಿ ಆಗಬಲ್ಲರು.