ಕೇರಂ ಆಡುವಾಗ ಕಣ್ಣು ಎಲ್ಲಿರಬೇಕು?



ಮಳೆ ಬಂದು ಮೈದಾನ ಹಸಿಯಾದ ದಿನ ಸಾಲ್ಯಾಗ ಕೇರಂ ಬೋರ್ಡು ಹೊರಗ ಬರ್ತದ. ಆಗ ಕೆಲವು ಹುಡುಗರು "ಹುಡುಗ್ಯಾರ ಕೈಯಾಗ ಜೋರ್ ಇಲ್ಲ, ನಿಮಗ ಇದು ಬರಂಗಿಲ್ಲ" ಅಂತಾರ. ಆದರೆ ಕೇರಂಗೆ ಬೇಕಾದದ್ದು ಜೋರಲ್ಲ, ಗುರಿ. ಗುರಿ ಅಂದರೆ ಕಣ್ಣು ಮತ್ತು ಲೆಕ್ಕ. ಆ ಲೆಕ್ಕವನ್ನು ಕೆಳಗೆ ಬರೆದಿದ್ದೇನೆ.

ಕಾಯಿಯ ವ್ಯಾಸ ಸುಮಾರು 3 ಸೆಂ.ಮೀ., ಸ್ಟ್ರೈಕರಿನದು ಸುಮಾರು 4 ಸೆಂ.ಮೀ. ಅಂದರೆ ತ್ರಿಜ್ಯಗಳು ಒಂದೂವರೆ ಮತ್ತು ಎರಡು. ಕೂಡಿಸಿದರೆ 3.5 ಸೆಂ.ಮೀ. ಇವೆರಡೂ ಒಂದಕ್ಕೊಂದು ತಾಗಿದಾಗ ನಡುವಿನಿಂದ ನಡುವಿಗೆ ಇಷ್ಟೇ ದೂರ.

ಸ್ಟ್ರೈಕರ್ ಯಾವ ಕಡೆಯಿಂದ ಬಂದರೂ, ತಾಗಿದ ಕ್ಷಣದಲ್ಲಿ ಎರಡರ ನಡುವನ್ನು ಕೂಡಿಸುವ ಸರಳರೇಖೆ ಯಾವ ದಿಕ್ಕಿಗಿದೆಯೋ, ಹೆಚ್ಚುಕಡಿಮೆ ಅದೇ ದಿಕ್ಕಿಗೆ ಕಾಯಿ ಓಡುತ್ತದೆ. ಆದ್ದರಿಂದ ಹೀಗೆ ಮಾಡಿರಿ:

1) ಮೊದಲು ಪಾಕೀಟು ನೋಡಿರಿ. ಅಲ್ಲಿಂದ ಕಾಯಿಯ ನಡುವಿನವರೆಗೆ ಮನಸ್ಸಿನಲ್ಲೇ ಗೆರೆ ಎಳೆಯಿರಿ.

2) ಆ ಗೆರೆಯನ್ನು ಕಾಯಿಯ ಹಿಂದಕ್ಕೆ ಬೆಳೆಸಿರಿ. ಕಾಯಿಯ ಅಂಚಿನಿಂದ 2 ಸೆಂ.ಮೀ. ಹಿಂದೆ ಒಂದು ಚುಕ್ಕೆ ಇದೆ ಎಂದುಕೊಳ್ಳಿರಿ. ಸ್ಟ್ರೈಕರಿನ ನಡು ಆ ಚುಕ್ಕೆಗೆ ಬರಬೇಕು.

3) ಸ್ಟ್ರೈಕರ್ ಇಟ್ಟು ಬೆರಳು ಸರಿಮಾಡಿಕೊಳ್ಳಿರಿ.

4) ಹೊಡೆಯುವ ಮುಂಚೆ ಕಣ್ಣನ್ನು ಮತ್ತೆ ಕಾಯಿಯ ಹತ್ತಿರದ ಆ ಚುಕ್ಕೆಗೆ ಒಯ್ದು ಅಲ್ಲೇ ನಿಲ್ಲಿಸಿರಿ. ಹೊಡೆದ ಮೇಲೂ ತಲೆ ಎತ್ತಬೇಡಿರಿ.

ಬಹಳ ಮಂದಿ ಕಾಯಿಯ ಅಂಚನ್ನೇ ಗುರಿ ಹಿಡಿತಾರ. ನೇರ ಹೊಡೆತಕ್ಕೆ ಅದು ನಡೀತದ. ಓರೆ ಹೊಡೆತದಲ್ಲಿ ನಡೆಯುವುದಿಲ್ಲ. ಯಾಕಂದರೆ ಸ್ಟ್ರೈಕರಿಗೆ ದಪ್ಪ ಇದೆ. ಅದರ ನಡು ಅಲ್ಲಿ ಮುಟ್ಟುವ ಮೊದಲೇ ಅದರ ಅಂಚು ಬೇರೆ ಜಾಗದಲ್ಲಿ ಕಾಯಿಗೆ ತಾಗಿಬಿಡ್ತದ. ನಂಬಿಕೆ ಬರದಿದ್ದರೆ ಕೈವಾರ ತಗೊಂಡು ಹಾಳೆ ಮೇಲೆ ಎರಡು ವೃತ್ತ ಬರೆದು ನೋಡಿರಿ.

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಟಗಳಿಗೂ ಇದೇ ಲೆಕ್ಕ. ಅಲ್ಲಿ ಕಾಯಿಯ ಬದಲು ಚೆಂಡು, ಬೆರಳಿನ ಬದಲು ಕೋಲು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರು 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಬಿಲಿಯರ್ಡ್ಸ್ ಆಟಗಾರರ ಕಣ್ಣಿನ ಚಲನೆ ಅಳೆದರು. ಪಳಗಿದ ಆಟಗಾರರ ಕೊನೆಯ ನೋಟ ಹೊಸಬರದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಕಣ್ಣು ಅತ್ತಿತ್ತ ಓಡಿದರೆ ಕೈಗೆ ದಾರಿ ತಿಳಿಯುವುದಿಲ್ಲ.

ಇನ್ನು ಹುಡುಗಿಯರ ಮಾತು. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ವಿಶ್ವ ಕೇರಂ ಪಂದ್ಯಗಳಲ್ಲಿ ಚೆನ್ನೈನ ಎಂ. ಖಾಜಿಮಾ 3 ಚಿನ್ನದ ಪದಕ ಗೆದ್ದಳು. ಆಗ ಆಕೆಗೆ 17 ವರ್ಷ. ಆಕೆಯ ತಂದೆ ಆಟೋ ಚಾಲಕರು. ಆಕೆಯ ಕೈಯಲ್ಲಿ ಜೋರ್ ಎಷ್ಟಿತ್ತು ಅಂತ ಯಾರೂ ಕೇಳಲಿಲ್ಲ.

ನಮ್ಮ ಸಾಲ್ಯಾಗ ಇರೋದು ಒಂದೇ ಬೋರ್ಡು. ಒಂದು ದಿನ ಹುಡುಗರು, ಒಂದು ದಿನ ಹುಡುಗಿಯರು ಆಡುವಂತೆ ಪಾಳಿ ಹಚ್ಚಿಕೊಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಗುರಿ ಯಾರದು ಸರಿ ಅನ್ನೋದನ್ನ ಬೋರ್ಡೇ ಹೇಳಲಿ.

— 7ನೇ ತರಗತಿ ವಿದ್ಯಾರ್ಥಿನಿ, ಮಹಾಲಿಂಗಪುರ