ಪಲ್ಪರ್ ನೀರಿಗೆ ಅಡಿಕೆ ಸಿಪ್ಪೆಯ ಇದ್ದಿಲು

ಪಲ್ಪರ್ ಓಡುವುದೂ ಹಳ್ಳ ಬತ್ತುವುದೂ ಒಂದೇ ಕಾಲದಲ್ಲಿ. ರೋಬಸ್ಟಾ ಹಣ್ಣು ಕಣಕ್ಕೆ ಬರುವ ಹೊತ್ತಿಗೆ ನಮ್ಮ ತೋಟಗಳ ಕೆಳಗೆ ಹರಿಯುವ ನೀರು ಮೊಣಕಾಲುದ್ದವೂ ಇರುವುದಿಲ್ಲ. ಕೆಳಗಿನ ಊರಿನ ದನಕರುಗಳು ಕುಡಿಯುವುದು ಅದನ್ನೇ.

ಪಲ್ಪರ್ ನೀರಿನಲ್ಲಿ ಇರುವುದು ಹಣ್ಣಿನ ಲೋಳೆ, ಸಕ್ಕರೆ, ಅದರಲ್ಲಿ ವಿಷವೇನು ಬಂತು ಎಂದು ನಾವು ಹೇಳಿಕೊಳ್ಳುವುದುಂಟು. ಕೇಡು ಇರುವುದೇ ಆ ಸಕ್ಕರೆಯಲ್ಲಿ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಶುದ್ಧ ಹಳ್ಳದ ಒಂದು ಲೀಟರ್ ನೀರಿನಲ್ಲಿ ಆಮ್ಲಜನಕ ಇರುವುದು ಸುಮಾರು 7 ಮಿಲಿಗ್ರಾಂ. ಒಂದು ಲೀಟರ್ ಪಲ್ಪರ್ ನೀರು ಕೇಳುವುದು ಸಾವಿರಾರು ಮಿಲಿಗ್ರಾಂ. 3,500 ಎಂದು ಹಿಡಿದರೂ ಅದು 500 ಲೀಟರ್ ಹಳ್ಳದ ನೀರಿನ ಉಸಿರು ಕಟ್ಟಿಸುತ್ತದೆ. ಮೀನು ತೇಲುವುದು ಇದರಿಂದ.

ಅಡಿಕೆ ಸಿಪ್ಪೆ, ಕಾಫಿ ಹೊಟ್ಟು ಇವುಗಳ ಇದ್ದಿಲು ಇದನ್ನೆಲ್ಲ ಹೀರಿಬಿಡುತ್ತದೆಂದು ಕೆಲವು ಬೆಳೆಗಾರರು ನಂಬಿದ್ದಾರೆ. ಬಯೋಚಾರ್ ಎಂಬುದು ಇದರ ಈಗಿನ ಹೆಸರು. ಆದರೆ ಇದ್ದಿಲಿನ ಸೂಕ್ಷ್ಮ ರಂಧ್ರಗಳಿಗೆ ಚೆನ್ನಾಗಿ ಅಂಟುವುದು ಬಣ್ಣ, ವಾಸನೆ, ಅಡಿಕೆ ಚೊಗರಿನಂಥ ಒಗರು ಪದಾರ್ಥ. ಸಕ್ಕರೆ ಅಷ್ಟಾಗಿ ನಿಲ್ಲದು. ಲೋಳೆ ಬಂದರಂತೂ ರಂಧ್ರಗಳೇ ಮುಚ್ಚಿಹೋಗುತ್ತವೆ. ಆದ್ದರಿಂದ ಇದ್ದಿಲಿನ ಸರದಿ ಕೊನೆಯದು. ಮೊದಲು ನೀರಿನ ಬಳಕೆ ತಗ್ಗಿಸಿ. ಹಣ್ಣಿನ ಸಿಪ್ಪೆಯನ್ನು ಜಾಲರಿಯಲ್ಲಿ ತಡೆದು, ಹುಳಿಯಾದ ನೀರಿಗೆ ಸುಣ್ಣ ಹಾಕಿ ಪಿ.ಎಚ್. 7ರ ಹತ್ತಿರಕ್ಕೆ ತಂದು ಹೊಂಡಗಳಿಗೆ ಬಿಡಿ. ಸಕ್ಕರೆ ಕಳೆಯುವುದು ಹೊಂಡದ ಕೆಲಸ. ಅದಕ್ಕೆ ವಾರಗಳೇ ಬೇಕು. ಆ ಮೇಲೂ ಉಳಿಯುವ ಕಪ್ಪು ಬಣ್ಣಕ್ಕೆ ಇದ್ದಿಲು.

ಚಾಲಿ ಸುಲಿದ ಸಿಪ್ಪೆ ಚೆನ್ನಾಗಿ ಒಣಗಿರಬೇಕು. 200 ಲೀಟರಿನ ಹಳೆಯ ಡ್ರಮ್ಮಿನ ತಳಕ್ಕೆ ಕೆಲವು ತೂತು ಹೊಡೆದು, ತುಂಬಿ, ಬೆಂಕಿಯನ್ನು ಮೇಲಿನಿಂದ ಹಚ್ಚಿ. ಕೆಳಗಿನಿಂದ ಬರುವ ಗಾಳಿ ಅಲ್ಪವಾದ್ದರಿಂದ ಸಿಪ್ಪೆ ಬೂದಿಯಾಗದೆ ಕರಿಯಾಗುತ್ತ ಇಳಿಯುತ್ತದೆ. ಹಳದಿ ಜ್ವಾಲೆ ಅಡಗುತ್ತಲೇ ನೀರು ಹೊಯ್ದು ಆರಿಸಬೇಕು. ಇಲ್ಲಿ ಮೈಮರೆತರೆ ಸಿಗುವುದು ಬೂದಿ ಮಾತ್ರ. ಒಂದು ಹಿಡಿ ಇದ್ದಿಲನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ: ನೀರು ಕಂದಾಗಿ ಹೊಗೆ ವಾಸನೆ ಬಂದರೆ ಅದು ಅರೆಬೆಂದದ್ದು, ಸೋಸಲು ಬೇಡ.

ಇನ್ನೊಂದು ಡ್ರಮ್ಮಿನಲ್ಲಿ ಜಲ್ಲಿ, ಮರಳು, ಮೇಲೆ ತೊಳೆದ ಇದ್ದಿಲು ಹರಡಿ ಹೊಂಡದ ನೀರನ್ನು ಸಣ್ಣಗೆ ಬಿಡಿ. ಜೋರಾಗಿ ಬಿಟ್ಟರೆ ಬಣ್ಣ ಹಾಗೆಯೇ ದಾಟಿಹೋಗುತ್ತದೆ. ಹೊರಬರುವ ನೀರು ಮತ್ತೆ ಕಪ್ಪಿಟ್ಟಾಗ ಇದ್ದಿಲು ಬದಲಿಸುವುದು. ನೀರು ತಿಳಿಯಾಯಿತೆಂದು ಹಳ್ಳಕ್ಕೆ ಬಿಡುವಂತಿಲ್ಲ. ಬಣ್ಣ ಹೋದರೂ ಸಕ್ಕರೆ ಉಳಿದಿರಬಹುದು, ಪರೀಕ್ಷೆ ಮಾಡಿಸಲೇಬೇಕು.

ತೆಗೆದ ಇದ್ದಿಲು ಗೊಬ್ಬರದ ಗುಂಡಿಗೆ ಸೇರಲಿ. ಬೋರ್ಡೋ ಸಿಂಪಡಿಸಿದ ಪಂಪು ತೊಳೆದ ನೀರನ್ನು ಮಾತ್ರ ಈ ಡ್ರಮ್ಮಿಗೆ ಸುರಿಯಬೇಡಿ. ಇದ್ದಿಲು ತಾಮ್ರವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅದು ಗೊಬ್ಬರದ ಜೊತೆ ತೋಟಕ್ಕೇ ಮರಳುತ್ತದೆ.