ಒಂದೊಂದೇ ಸಾಲು ಸಾಕು, ಮಗು

ನಿನ್ನ ಬುದ್ಧಿಯ ಬಗ್ಗೆ ನನಗೆ ಅನುಮಾನವಿಲ್ಲ. ಅವಸರದ ಬಗ್ಗೆ ಇದೆ. ಸರ್ವರಿನ ಲಾಗ್ ಫೈಲು 40 ಜಿಬಿ ಆಗಿದೆ ಅಂದರೆ ಸಾಕು, ನಿನ್ನ ಕೈ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಒಂದು ಸ್ಕ್ರಿಪ್ಟ್ ಗೀಚಿ, ಫೈಲನ್ನೆಲ್ಲ ಒಂದೇ ಗುಕ್ಕಿಗೆ ಮೆಮೊರಿಗೆ ತುಂಬುತ್ತೀಯ. 8 ಜಿಬಿಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಆಮೇಲೆ ಮ್ಯಾನೇಜರ್ ಮುಂದೆ ನಿಂತು ದೊಡ್ಡ ಮಷೀನು ಬೇಕು ಅಂತ ರಾಗ ಎಳೆಯುತ್ತೀಯ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಯಿತು. ಆ ಲಾಗ್ ಬಿದ್ದಿರುವ ಲಿನಕ್ಸ್ ಸರ್ವರಿನಲ್ಲೂ, ನೀನು ಮೆರೆಸುವ ಮ್ಯಾಕ್‌ನಲ್ಲೂ ಆಕ್ ಎಂಬ ಪುಟ್ಟ ಕಮಾಂಡು ಇದ್ದೇ ಇರುತ್ತದೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನ ಮೂವರು, ಆಲ್ಫ್ರೆಡ್ ಅಹೊ, ಪೀಟರ್ ವೈನ್‌ಬರ್ಗರ್, ಬ್ರಯನ್ ಕರ್ನಿಹನ್, ಕೂಡಿ ಬರೆದದ್ದು. ನಿನಗಿಂತ ಹಿರಿಯದು. ಹಾಗಂತ ಮೂಗು ಮುರಿಯಬೇಡ.

ಅದರ ಗುಣ ಬಲು ಸರಳ. ಒಂದು ಸಾಲು ಓದುತ್ತದೆ, ಬೇಕಾದ್ದು ಮಾಡುತ್ತದೆ, ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಫೈಲು 40 ಜಿಬಿ ಇರಲಿ, 400 ಇರಲಿ, ಅದರ ಕೈಯಲ್ಲಿರುವುದು ಒಂದೇ ಸಾಲು. ಸಾಲನ್ನು ತಾನೇ ಕಾಲಂಗಳಾಗಿ ಬಿಡಿಸಿ ಕೊಡುತ್ತದೆ. ಅಪಾಚೆ ಲಾಗಿನ ಮಾಮೂಲಿ ಸಾಲಿನಲ್ಲಿ ಒಂಬತ್ತನೆಯದು ಸ್ಟೇಟಸ್ ಕೋಡು, ಹತ್ತನೆಯದು ಕಳಿಸಿದ ಬೈಟು. ಒಂಬತ್ತನೆಯದು 500 ಇದ್ದ ಸಾಲುಗಳನ್ನು ತೋರಿಸು ಅನ್ನಲು ಅರ್ಧ ಸಾಲಿನ ಪ್ರೋಗ್ರಾಮು ಸಾಕು. ಅದಕ್ಕೆ ನೀನು ಮೂರು ಲೈಬ್ರರಿ ಇಳಿಸಿಕೊಳ್ಳುತ್ತೀಯಲ್ಲ!

ಆದರೆ ಆಕ್ ಕೈಗೆ ಬಂದ ಮಾತ್ರಕ್ಕೆ ಜಾಣತನ ಬರುವುದಿಲ್ಲ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಅಂತ ನೀನೇ ಯೋಚಿಸಬೇಕು. ಸರಾಸರಿ ಬೇಕೆ? ಮೊತ್ತ ಮತ್ತು ಎಣಿಕೆ, ಎರಡೇ ಸಂಖ್ಯೆ ಸಾಕು. ಬಂದ ಅಂಕಿಗಳನ್ನೆಲ್ಲ ಕೂಡಿಡಬೇಡ. ಯಾವ ಐಪಿ ವಿಳಾಸದಿಂದ ಎಷ್ಟು ಸಲ ಬಂದರು ಅಂತ ಬೇಕೆ? ಆಗ ಸಾಲುಗಳ ಲೆಕ್ಕಕ್ಕಲ್ಲ, ಬೇರೆ ಬೇರೆ ಐಪಿಗಳ ಲೆಕ್ಕಕ್ಕೆ ಮೆಮೊರಿ ಬೆಳೆಯುತ್ತದೆ. ಇನ್ನು ಸಾರ್ಟ್ ಕೊನೆಯ ಸಾಲು ಬರುವವರೆಗೂ ಮೊದಲ ಉತ್ತರ ಕೊಡಲಾರದು. ಹರಿಯುತ್ತಲೇ ಇರುವ ಲಾಗಿನ ಮುಂದೆ ಸಾರ್ಟ್ ಕೂರಿಸಿ, ಏನೂ ಬರುತ್ತಿಲ್ಲವಲ್ಲ ಅಂತ ಕಣ್ಣು ಬಿಟ್ಟುಕೊಂಡು ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗೆ ಕೂತಾಗ ಇನ್ನೊಂದು ಕಾರಣವೂ ಇರಬಹುದು. ಟೇಲ್‌ನಿಂದ ಗ್ರೆಪ್, ಗ್ರೆಪ್‌ನಿಂದ ಆಕ್ ಅಂತ ಪೈಪು ಜೋಡಿಸಿದಾಗ ನಡುವಿನವರು ಒಂದೊಂದು ಸಾಲನ್ನೂ ಆಗಿಂದಾಗಲೇ ದಾಟಿಸುವುದಿಲ್ಲ. ಕೆಲವು ಕಿಲೋಬೈಟು ಸೇರಲಿ ಅಂತ ಕಾಯುತ್ತಾರೆ. ತಪ್ಪಲ್ಲ, ವೇಗಕ್ಕಾಗಿ ಮಾಡಿಕೊಂಡ ಏರ್ಪಾಟು. ಗ್ರೆಪ್‌ಗೆ ಸಾಲಿಗೊಮ್ಮೆ ಬಿಡು ಅಂತ ಹೇಳುವ ಆಯ್ಕೆ ಇದೆ. ಆಕ್‌ಗೆ ಎಫ್‌ಫ್ಲಶ್ ಇದೆ. ನೀನಾದರೋ ಎರಡು ನಿಮಿಷ ಕಾದು ಕಂಟ್ರೋಲ್ ಸಿ ಒತ್ತಿ, ಟೂಲೇ ಸರಿಯಿಲ್ಲ ಅನ್ನುತ್ತೀಯ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಂಥದೇ ಇನ್ನೊಂದು ಆತುರ: ಓದುತ್ತಿರುವ ಫೈಲಿಗೇ ಉತ್ತರವನ್ನೂ ಬರೆಯಲು ಹೊರಡುವುದು. ಆಕ್ ಶುರುವಾಗುವ ಮೊದಲೇ ಶೆಲ್ ಆ ಫೈಲನ್ನು ಬರಿದು ಮಾಡಿರುತ್ತದೆ. ಬೇರೆ ಹೆಸರಿಗೆ ಬರೆದು, ಕಣ್ಣಾರೆ ನೋಡಿ, ಆಮೇಲೆ ಹೆಸರು ಬದಲಿಸು.

ಈಗ ನಿನಗೆ ತೀರ ಬೇಕಾದ ಮಾತು. ನಿನ್ನ ಮಷೀನಿನಲ್ಲಿ ಓಡಿತು ಅನ್ನುವುದು ಉತ್ತರವಲ್ಲ. ಆಕ್ ಹೆಸರಿನಲ್ಲಿ ಹಲವರಿದ್ದಾರೆ: ಗ್ನೂ ಆಕ್, ಡೆಬಿಯನ್ ಜೊತೆಗೆ ಬರುವ ಮಾಕ್, ಆಲ್ಪೈನ್ ಕಂಟೇನರಿನ ಬಿಸಿಬಾಕ್ಸ್ ಆಕ್. ಜೆನ್‌ಸಬ್ ಅನ್ನುವ ಫಂಕ್ಷನ್ ಗ್ನೂವಿನಲ್ಲಿದೆ; ಡೆಬಿಯನ್ನಿನ ಮಾಕ್‌ನಲ್ಲಿ ಇಲ್ಲ. ಪಾಸಿಕ್ಸ್ ಮಾನದಂಡದಲ್ಲಿ ಇರುವಷ್ಟನ್ನೇ ಬಳಸಿದರೆ ನಿನ್ನ ಸ್ಕ್ರಿಪ್ಟು ಎಲ್ಲಿ ಹೋದರೂ ಬದುಕುತ್ತದೆ. ನಿನಗೆ ಪುರುಸೊತ್ತಿದ್ದರೆ 'ಕನ್ನಡ' ಅನ್ನುವ ಪದದ ಉದ್ದ ಕೇಳಿ ನೋಡು. ಬೈಟು ಎಣಿಸುವ ಆಕ್ 15 ಅನ್ನುತ್ತದೆ. ಯೂನಿಕೋಡ್ ಬಲ್ಲದ್ದು 5 ಅನ್ನುತ್ತದೆ, ಯಾಕೆಂದರೆ ಒತ್ತಕ್ಷರದ ನಡುವಿನ ಅರ್ಧಾಕ್ಷರ ಚಿಹ್ನೆಯನ್ನೂ ಅದು ಎಣಿಸುತ್ತದೆ. ಒಂದನೇ ತರಗತಿಯ ಮಗು 3 ಅನ್ನುತ್ತದೆ. ಕನ್ನಡ ಹೆಸರುಗಳ ಪಟ್ಟಿಯನ್ನು ಕತ್ತರಿಸುವ ಮುನ್ನ ಯಾರ ಲೆಕ್ಕ ನಡೆಯುತ್ತಿದೆ ಅಂತ ತಿಳಿದುಕೋ.

ಆಕ್‌ನಿಂದ ಆಗದ್ದೂ ಇದೆ, ಮುಚ್ಚಿಡುವುದಿಲ್ಲ. ಅದರ ಸಂಖ್ಯೆಗಳೆಲ್ಲ ಸಾಮಾನ್ಯವಾಗಿ ಫ್ಲೋಟಿಂಗ್ ಪಾಯಿಂಟ್ ಜಾತಿಯವು. ಹದಿನೇಳು ಹದಿನೆಂಟು ಅಂಕಿಯ ಖಾತೆ ಸಂಖ್ಯೆಯನ್ನು ಲೆಕ್ಕಕ್ಕೆ ಹಾಕಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು. ಕೋಟ್ ಒಳಗೆ ಅಲ್ಪವಿರಾಮ ಇರುವ ಸಿಎಸ್‌ವಿ ಫೈಲನ್ನು ಹಳೆಯ ಆಕ್ ತಪ್ಪಾಗಿ ತುಂಡರಿಸುತ್ತದೆ. ಜೇಸನ್‌ಗೆ ಜೆಕ್ಯೂ ಇದೆ, ಅದನ್ನೇ ಹಿಡಿ. ಪ್ರೋಗ್ರಾಮು ಒಂದು ಪುಟ ದಾಟಿತೇ? ಹಠ ಬಿಟ್ಟು ಪೈಥಾನ್‌ಗೆ ಹೋಗು. ನಾನೇನೂ ಅಡ್ಡ ಬರುವುದಿಲ್ಲ.

ಒಬ್ಬರ ಸುದ್ದಿ ಹೇಳಿ ಮುಗಿಸುತ್ತೇನೆ. ಆ ಮೂವರಲ್ಲಿ ಒಬ್ಬರಾದ ಕರ್ನಿಹನ್ ಹುಟ್ಟಿದ್ದು 1942ರಲ್ಲಿ. 2022ರಲ್ಲಿ, 80ರ ವಯಸ್ಸಿನಲ್ಲಿ, ಅವರು ತಮ್ಮ ಹಳೆಯ ಆಕ್ ಕೋಡಿಗೆ ಕೂತು ಯೂನಿಕೋಡ್ ಸೇರಿಸಿದರು. ಸಿಎಸ್‌ವಿ ಓದುವುದನ್ನೂ ಅದಕ್ಕೆ ಕಲಿಸಿದರು. 1988ರಲ್ಲಿ ಮೂವರೂ ಬರೆದಿದ್ದ ಪುಸ್ತಕದ ಎರಡನೇ ಆವೃತ್ತಿ 2023ರಲ್ಲಿ ಹೊರಬಂತು. ಮಾಡಿದ ಕೆಲಸವನ್ನು ನಡುವೆ ಬಿಟ್ಟು ಹೊಸದರ ಹಿಂದೆ ಓಡುವವರಿಗೆ ಇಂಥದ್ದು ಆಗುವ ಮಾತಲ್ಲ.

ಈ ಭಾನುವಾರ ಫೋನು ಅತ್ತ ಇಟ್ಟು ಆಕ್‌ನ ಕೈಪಿಡಿ ಓದು. ಸೋಮವಾರ ಒಂದು ಲಾಗಿನ ಮೇಲೆ ಪ್ರಯೋಗಿಸು. ಮೊದಲು ಹತ್ತು ಸಾಲಿನ ಮೇಲೆ ಓಡಿಸಿ, ಉತ್ತರವನ್ನು ಕೈಲೆಕ್ಕದಲ್ಲಿ ತಾಳೆ ನೋಡು. ತಾಳೆಯಾದ ಮೇಲೆ ಪೂರ್ತಿ ಫೈಲು. ಅಷ್ಟಾದ ಮೇಲೂ ದೊಡ್ಡ ಮಷೀನು ಬೇಕು ಅನ್ನಿಸಿದರೆ ಧಾರಾಳವಾಗಿ ಕೇಳು. ನಿನ್ನ ಪರವಾಗಿ ನಾನೇ ಮಾತಾಡುತ್ತೇನೆ.